ಹಾಳೆಯ ಅಂಚಿನಲ್ಲಿ

ಬಾಯಿ ಒರೆಸಿ, ಮೇಜು ಒರೆಸಿ, ಕುರ್ಚಿಗಳ ಕೆಳಗಿನ
ಬಟಾಣಿ ಹೆಕ್ಕಿ, ಪರದೆ ಎಳೆಯುವ ಹೊತ್ತಿಗೆ
ಶೆಪರ್ಟನ್ನಿನ ಫೆಬ್ರವರಿ, ನಲವತ್ತೊಂದು ಡಿಗ್ರಿ.
ಹೊರಗೆ ಜಾರುಬಂಡೆ ಕಾದ ಹಂಚು.
ಒಳಗೆ ಹನ್ನೆರಡು ಮಂಚ, ನೆಲದಿಂದ ಗೇಣೆತ್ತರ,
ಒಬ್ಬರ ತಲೆ ಇದ್ದ ಕಡೆ ಇನ್ನೊಬ್ಬರ ಕಾಲು.
ಕೆಮ್ಮು ಹರಡಬಾರದೆಂದು ನಿಯಮ.

ನಮ್ಮ ಕಡೆ ರೊಟ್ಟಿ ಬಡಿಯುತ್ತೇವೆ, ತಟ್ಟುವುದಿಲ್ಲ.
ತಟ್ಟಲು ನಾನು ಇಲ್ಲಿಗೆ ಬಂದು ಕಲಿತೆ:
ಅದೇ ಅಂಗೈ, ಕಾಲುಭಾಗ ಜೋರು.
ಇಮೊಜೆನ್‌ಗೆ ಬೆನ್ನು.
ಝೈನಬಳಿಗೆ ಎರಡು ಹುಬ್ಬಿನ ನಡುವೆ ಒಂದೇ ಬೆರಳು.
ಟಾವಿಟಾ ಮುಟ್ಟಿದರೆ ಮುನಿ;
ಅವನ ಪಕ್ಕ ಸುಮ್ಮನೆ ಕೂತಿರಬೇಕು,
ಅದೂ ಬೆನ್ನು ಮಾಡಿ.

ನಿದ್ದೆ ಒಂದೇ ಸಲಕ್ಕೆ ಬರುವುದಿಲ್ಲ.
ಮೊದಲು ಕಾಲ್ಬೆರಳುಗಳು ಸುಮ್ಮನಾಗುತ್ತವೆ, ಆಮೇಲೆ ಮಾತು.
"ಮಿಸ್, ನಮ್ಮ ನಾಯಿಗೆ..." ಅಂದದ್ದು ಅಲ್ಲೇ ನಿಲ್ಲುತ್ತದೆ.
ನಾಯಿಗೆ ಏನಾಯಿತೋ
ನನಗೆ ಇವತ್ತಿಗೂ ತಿಳಿದಿಲ್ಲ.

ಹತ್ತು ನಿಮಿಷಕ್ಕೊಮ್ಮೆ ಏಳಬೇಕು.
ಬಾಗಿ ನೋಡಬೇಕು: ಎದೆ ಏರಿತೇ, ಇಳಿಯಿತೇ,
ತುಟಿಯ ಬಣ್ಣ ಸರಿಯಿದೆಯೇ. ಆಮೇಲೆ
ಹಾಳೆಯಲ್ಲಿ ಹೆಸರಿನ ಮುಂದೆ ಒಂದು ಟಿಕ್.
ಹನ್ನೆರಡು ಮಕ್ಕಳು, ಒಂಬತ್ತು ಸುತ್ತು, ನೂರೆಂಟು.
ಅತ್ತೆಗೆ ಫೋನಿನಲ್ಲಿ ಹೇಳಿದೆ, ನಾನೂ ಜಪ ಹಿಡಿದಿದ್ದೇನೆ ಅಂತ.
ಯಾವ ದೇವರದು, ಅಂದರು. ಲೈನು ಸರಿಯಿರಲಿಲ್ಲ.

ಡಾರ್ಸಿಯ ಮಂಚಕ್ಕೆ ಮಾತ್ರ ಒಂದು ಹಳದಿ ಚೀಟಿ:
'ಹನ್ನೆರಡೂಮುಕ್ಕಾಲಿಗೆ ಎಬ್ಬಿಸಿ. ದಯವಿಟ್ಟು. ಕೆರಿನ್.'
'ದಯವಿಟ್ಟು'ವಿನ ಕೆಳಗೆ ಎರಡು ಗೆರೆ.

ಮಲಗಿದ ಕೂಸನ್ನು ಎಬ್ಬಿಸಿದ ಕೈ ಸೇದಿಹೋಗಲಿ
ಅನ್ನುತ್ತಿದ್ದಳು ನಮ್ಮಜ್ಜಿ.
ಅವಳ ಶಾಪಕ್ಕೂ ಈ ಚೀಟಿಗೂ ನಡುವೆ ಮಂಡಿಯೂರಿ
ಎರಡು ವರ್ಷ ಎಂಟು ತಿಂಗಳ ಹುಡುಗನ ಹೆಗಲು ಅಲುಗಿಸುತ್ತೇನೆ.
ಅಳುವುದಿಲ್ಲ ಅವನು, ಅದೇ ಕಷ್ಟ.
ಕಣ್ಣು ಬಿಟ್ಟು, ನೀನು ಯಾರು, ಇದು ಯಾವ ಊರು
ಎಂಬಂತೆ ನೋಡುತ್ತಾನೆ.
ಆ ನೋಟ ನನಗೆ ಗೊತ್ತು. ಬಂದ ಹೊಸದರಲ್ಲಿ
ದಿನಾ ಬೆಳಿಗ್ಗೆ ನಮ್ಮ ಮನೆಯ ಛತ್ತನ್ನು ಹಾಗೇ ನೋಡಿದ್ದೇನೆ.
ಮನಸ್ಸಿನಲ್ಲೇ ಕೆರಿನ್‌ಗೆ ಬೈಯುತ್ತಿದ್ದೆ,
ಅಚ್ಚ ಬಿಜಾಪುರದ ಬೈಗುಳ, ಬರೆಯುವಂಥದ್ದಲ್ಲ.

ಗುರುವಾರ ನಾಲ್ಕಕ್ಕೆ ಬಂದಳು.
ಪೀಚ್ ಹಣ್ಣಿನ ಪ್ಯಾಕಿಂಗ್ ಶೆಡ್ಡಿನಿಂದ ನೇರ,
ಮುಂಗೈ ತುಂಬ ಹಣ್ಣಿನ ಸುಂಕು, ತುರಿಸಿ ತುರಿಸಿ ಕೆಂಪು.
ಬೆಳಗಿನ ಜಾವ ಮೂರಕ್ಕೆ ಏಳುತ್ತಾಳಂತೆ,
ಆಗ ಪಕ್ಕದ ಮನೆಯಾಕೆ ಬಂದು ಸೋಫಾದಲ್ಲಿ ಒರಗುತ್ತಾಳಂತೆ.
ಇವನು ಏಳಕ್ಕೆ ಮಲಗಿದರೆ ಇವಳಿಗೊಂದು ರಾತ್ರಿ ಉಂಟು,
ಹತ್ತಕ್ಕೆ ಮಲಗಿದರೆ ಇಲ್ಲ.
ಇಷ್ಟನ್ನೂ ಪುಸ್ತಕದ ಮೂಲೆಯ ದಿಂಬಿನ ಮೇಲೆ ಕೂತು,
ಮಗನಿಗೆ ಷೂ ತೊಡಿಸುತ್ತ, ತಪ್ಪೊಪ್ಪಿಕೊಳ್ಳುವವಳ ಹಾಗೆ ಹೇಳಿದಳು.
ಒಂದು ಕಾಲಿಗೆ ತೊಡಿಸಿದಳು.
ಇನ್ನೊಂದು ಷೂ ಕೈಯಲ್ಲೇ ಉಳಿಯಿತು,
"ಶನಿವಾರ ಮಾತ್ರ ನಾನು..." ಅಂದದ್ದೂ ಅಲ್ಲೇ.

ಮಂಚಗಳನ್ನೆಲ್ಲ ಆಗಲೇ ಒಂದರ ಮೇಲೊಂದು ಪೇರಿಸಿಯಾಗಿತ್ತು.
ಪರದೆ ಮತ್ತೆ ಅರ್ಧ ಎಳೆದೆ.
ಡಾರ್ಸಿ ಅವಳ ಮೊಣಕಾಲಿನ ಮೇಲೆ ಟ್ರಕ್ ಹತ್ತಿಸುತ್ತ
ನನ್ನತ್ತ ತಿರುಗಿ, "ಎಬ್ಬಿಸ್ತೀಯಾ?" ಅಂದ,
ಅದು ನನ್ನ ಕೆಲಸ ಎಂದು ಅವನಿಗಿಂತ ಚೆನ್ನಾಗಿ ಯಾರು ಬಲ್ಲರು.

ಬಾಗಿ ನೋಡಿದೆ. ಎದೆ ಏರಿತು, ಇಳಿಯಿತು.
ತುಟಿ ಒಡೆದಿದೆ, ಬಣ್ಣ ಸರಿಯಿದೆ.
ಹಾಳೆಯಲ್ಲಿ ಹದಿಮೂರನೆಯ ಸಾಲಿಲ್ಲ.
ಅಂಚಿನಲ್ಲಿ ಬರೆದೆ: ನಾಲ್ಕು ಹತ್ತು. ಟಿಕ್.

ಹೋಗು, ಇನ್ನೊಂದು ಟ್ರಕ್ ತಗೊಂಡು ಬಾ,
ಅಂದೆ ಅವನಿಗೆ.